ಡಾಕ್ಟರು ಬೇಡವೆಂದರೂ ಮನೆಗೆ ಹೋಗಲೇಬೇಕು ಎಂದಾಗ: ಕೊಡಗಿನ ರೋಗಿಗಳಿಗೂ ಮನೆಯವರಿಗೂ

ವಾರ್ಡಿನ ಭಾಷೆಯಲ್ಲಿ ಇದಕ್ಕೆ ‘ಲಾಮಾ’ ಎನ್ನುತ್ತಾರೆ, ಕೆಲವು ಕಡೆ ‘ಡಾಮಾ’. ‘ಏಳನೇ ಬೆಡ್ ಲಾಮಾ ಹೋದ್ರು’ ಎಂದು ರಾತ್ರಿ ಪಾಳಿಯ ಸಿಸ್ಟರ್ ಹೇಳಿದರೆ, ವೈದ್ಯರು ಇನ್ನೂ ಇರಬೇಕು ಎಂದಿದ್ದರೂ ಸಹಿ ಹಾಕಿ ಹೊರಟರು ಎಂದರ್ಥ. ಹೀಗೆ ಹೊರಡುವುದು ಅಪರಾಧವಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ಯಾವುದೇ ವಯಸ್ಕ ರೋಗಿಗೆ ಚಿಕಿತ್ಸೆ ಬೇಡವೆನ್ನುವ ಹಕ್ಕಿದೆ. ಆದರೆ ಮೈಸೂರಿನ ಅಗ್ರಹಾರದವರು ಲಾಮಾ ಹೋಗುವುದಕ್ಕೂ ಬಿರುನಾಣಿಯವರೋ ಕರಿಕೆಯವರೋ ಹೋಗುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ನಡುರಾತ್ರಿ ಉಸಿರು ಕಟ್ಟಿದರೆ ಆಟೋದಲ್ಲಿ ಹತ್ತು ನಿಮಿಷ. ಇಲ್ಲಿ ಜುಲೈ ತಿಂಗಳ ಮಳೆಯಲ್ಲಿ ಕರೆಂಟಿಲ್ಲ, ಟವರ್ ಇಲ್ಲ, ದಾರಿಗೆ ಮರ ಬಿದ್ದಿರುತ್ತದೆ. ಹಾಗಾಗಿ ಕೊಡಗಿನಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ‘ಹೋಗಬಹುದಾ’ ಎಂದಲ್ಲ, ‘ಹೆಚ್ಚುಕಡಿಮೆಯಾದರೆ ವಾಪಸ್ ಬರಲು ಎಷ್ಟು ಗಂಟೆ ಬೇಕು’ ಎಂದು. ಮುಂದಿನ ಲೆಕ್ಕಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹೊರಡುವುದರಲ್ಲಿ ಮೂರು ಬಗೆ

ಕೇಸ್ ಶೀಟಿನಲ್ಲಿ ಏನು ಬರೆಯುತ್ತಾರೆ ಎಂಬುದು ಮುಂದೆ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ. ಅಪಾಯ ದೊಡ್ಡದಿಲ್ಲ, ಇನ್ನೊಂದು ದಿನ ಇದ್ದರೆ ಒಳ್ಳೆಯದಿತ್ತು, ಹೋಗುವುದಾದರೆ ಹೋಗಿ ಎಂದು ವೈದ್ಯರು ಒಪ್ಪಿದರೆ ಅದು ‘ಕೋರಿಕೆಯ ಮೇರೆಗೆ ಡಿಸ್ಚಾರ್ಜ್’. ಒಪ್ಪದೆಯೂ ಹೊರಟರೆ ಲಾಮಾ. ಯಾರಿಗೂ ಹೇಳದೆ ಹಿಂಬಾಗಿಲಿನಿಂದ ಹೊರಟರೆ ‘ಅಬ್ಸ್ಕಾಂಡ್’. ಈ ಮೂರನೆಯದು ಯಾವ ಕಾರಣಕ್ಕೂ ಬೇಡ. ಕೈಯಲ್ಲಿ ಕ್ಯಾನುಲಾ (ಗ್ಲೂಕೋಸ್ ಹಾಕಲು ನರಕ್ಕೆ ಸೇರಿಸಿದ ಕೊಳವೆ) ಇರುತ್ತದೆ, ಕಾಗದ ಒಂದೂ ಇರುವುದಿಲ್ಲ, ಆಸ್ಪತ್ರೆಯವರು ಪೊಲೀಸ್ ಠಾಣೆಗೆ ತಿಳಿಸುತ್ತಾರೆ, ಮರುದಿನ ಬೇರೆ ಆಸ್ಪತ್ರೆಗೆ ಹೋದರೆ ಎಲ್ಲ ಪರೀಕ್ಷೆಯೂ ಮೊದಲಿನಿಂದ. ಹಣ ಕಟ್ಟಲಾಗದ ಹೆದರಿಕೆಯಿಂದ ಹೀಗೆ ಓಡುವವರೇ ಹೆಚ್ಚು. ಬಿಲ್ಲಿನ ತಕರಾರಿಗಾಗಿ ರೋಗಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಬಾಕಿ ವಸೂಲಿಗೆ ಆಸ್ಪತ್ರೆಗೆ ಬೇರೆ ದಾರಿಗಳಿವೆ. ಹಾಗಾಗಿ ಓಡುವ ಅಗತ್ಯವಿಲ್ಲ.

ನಾಲ್ಕನೆಯದೊಂದಿದೆ, ಅದನ್ನು ಜನ ಲಾಮಾ ಎಂದೇ ತಪ್ಪಾಗಿ ಮಾಡಿಸಿಕೊಳ್ಳುತ್ತಾರೆ: ದೊಡ್ಡ ಆಸ್ಪತ್ರೆಗೆ ಹೋಗುವುದು. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಒಯ್ಯಬೇಕೆಂದಿದ್ದರೆ ಬೇಕಾದ್ದು ರೆಫರಲ್, ಲಾಮಾ ಅಲ್ಲ. ರೆಫರ್ ಆದರೆ ಸರ್ಕಾರಿ ಆಸ್ಪತ್ರೆಯಿಂದ 108 ಸಿಗುತ್ತದೆ, ಆ ಕಡೆಯ ಆಸ್ಪತ್ರೆಗೆ ಫೋನ್ ಹೋಗುತ್ತದೆ, ಆಯುಷ್ಮಾನ್ ಕಾರ್ಡಿನ ಕೆಲಸ ಸುಲಭವಾಗುತ್ತದೆ. ‘ಡಾಕ್ಟ್ರೇ, ನಮಗೆ ಮೈಸೂರಿಗೆ ರೆಫರ್ ಬರೆದುಕೊಡಿ’ ಎಂದು ಬಾಯಿಬಿಟ್ಟು ಕೇಳಿ. ಸಿಟ್ಟಿನಲ್ಲಿ ‘ನಾವು ಕರೆದುಕೊಂಡು ಹೋಗ್ತೇವೆ, ಬಿಟ್ಟುಬಿಡಿ’ ಎಂದರೆ ಅವರು ಲಾಮಾ ಫಾರಂ ತೆಗೆಯುತ್ತಾರೆ.

ಕಾರಣವನ್ನು ಮುಚ್ಚಿಡಬೇಡಿ

ಹೊರಡುವ ನಿಜವಾದ ಕಾರಣವನ್ನು ವೈದ್ಯರಿಗೆ ಹೇಳುವವರು ಕಡಿಮೆ. ‘ಈಗ ಪರವಾಗಿಲ್ಲ’ ಎನ್ನುತ್ತಾರೆ, ಒಳಗೆ ಬೇರೆಯೇ ಇರುತ್ತದೆ. ಕಾಫಿ ಕೊಯ್ಲು ಅರ್ಧಕ್ಕೆ ನಿಂತಿದೆ. ಮನೆಯಲ್ಲಿ ಹಸು ಕರೆಯುವವರಿಲ್ಲ. ಅಟೆಂಡರ್ ಆಗಿ ಕೂತ ಮಗನಿಗೆ ದಿನಗೂಲಿ ಹೋಗುತ್ತಿದೆ. ಹುತ್ತರಿ ಹಬ್ಬಕ್ಕೋ ಕೈಲ್ ಪೊಳ್ದ್ ಹಬ್ಬಕ್ಕೋ ಮನೆಯ ಹಿರಿಯರು ಇಲ್ಲದಿದ್ದರೆ ಹೇಗೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಪಕ್ಕದವರ ಕೈಗೆ ಬಿಟ್ಟು ಬಂದಿದ್ದಾರೆ. ಇವಕ್ಕೆ ವಾರ್ಡಿನಲ್ಲೇ ಪರಿಹಾರ ಸಿಗುವುದುಂಟು. ಸಂಜೆಯ ಬದಲು ಬೆಳಿಗ್ಗೆ ರೌಂಡ್ಸ್ ಮುಗಿಸಿ ಬಿಡುವುದು, ಇಂಜೆಕ್ಷನ್ ಬದಲು ಮಾತ್ರೆಗೆ ಬರುವುದು, ಉಳಿದ ಡೋಸನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡಿಸುವಂತೆ ಚೀಟಿ ಬರೆಯುವುದು, ಮಡಿಕೇರಿಯಿಂದ ವಿರಾಜಪೇಟೆಯ ಅಥವಾ ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗೆ ಬದಲಾಯಿಸುವುದು ಇವೆಲ್ಲ ಕೇಳಿದರೆ ಆಗುವಂಥವು, ಕೇಳದಿದ್ದರೆ ಯಾರಿಗೂ ಹೊಳೆಯದಂಥವು.

ಹಣವೇ ಕಾರಣವಾದರೆ ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಪರಿಸ್ಥಿತಿಯಲ್ಲಿ ನೇರವಾಗಿ ಹೋಗಬಹುದು. ಒಂದು ಎಚ್ಚರಿಕೆ: ಈ ಯೋಜನೆಯಡಿ ಅನುಮತಿ ಪಡೆದು ಚಿಕಿತ್ಸೆ ಶುರುವಾದ ಮೇಲೆ ಅರ್ಧದಲ್ಲಿ ಹೊರಟರೆ, ಹೊರಡುವ ಮೊದಲು ಆ ಕೇಸನ್ನು ಕಂಪ್ಯೂಟರಿನಲ್ಲಿ ಮುಗಿಸಿದ್ದಾರೆಯೇ ಎಂದು ಆರೋಗ್ಯಮಿತ್ರರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯ ಕೌಂಟರಿನಲ್ಲಿ ತೊಡಕಾಗಬಹುದು.

ಕುಡಿತ ಕಾರಣವಾದರೆ ಅದನ್ನಂತೂ ಹೇಳಲೇಬೇಕು. ದಿನವೂ ಕುಡಿಯುವವರು ಬೇರೆ ಕಾಯಿಲೆಗೆ ದಾಖಲಾಗಿ ಎರಡನೇ ದಿನ ಚಡಪಡಿಸತೊಡಗುತ್ತಾರೆ: ಕೈ ನಡುಕ, ಬೆವರು, ನಿದ್ದೆಯಿಲ್ಲ, ‘ನನ್ನನ್ನು ಮನೆಗೆ ಬಿಡಿ’ ಎಂಬ ಹಟ. ಮನೆಯವರು ಇದನ್ನು ಸ್ವಭಾವ ಎಂದುಕೊಂಡು ನಾಚಿಕೆಪಟ್ಟು ಸಹಿ ಹಾಕುತ್ತಾರೆ. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಸನ್ನಿ ಹಿಡಿಯಬಹುದು. ಅಂದರೆ ಹಟ ಹಿಡಿದು ಹೊರಡುವ ಹೊತ್ತೇ ಅಪಾಯದ ಹೊತ್ತು. ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು ಎಂದು ಸಿಸ್ಟರ್ ಹತ್ತಿರ ಹೇಳಿದರೆ ಮಾತ್ರೆಯೂ ಬಿ1 ವಿಟಮಿನ್ ಇಂಜೆಕ್ಷನ್ನೂ ಶುರುವಾಗುತ್ತದೆ, ಚಡಪಡಿಕೆ ತಗ್ಗುತ್ತದೆ. ಎಷ್ಟೋ ಲಾಮಾಗಳು ಅಲ್ಲಿಗೇ ನಿಲ್ಲುತ್ತವೆ.

ವೈದ್ಯರನ್ನು ಕೇಳಬೇಕಾದದ್ದು

ರೌಂಡ್ಸ್ ಹೊತ್ತಿನಲ್ಲಿ ಹತ್ತು ಜನರ ಮುಂದೆ ಕೇಳಬೇಡಿ. ಡ್ಯೂಟಿ ಡಾಕ್ಟರ್ ಸಿಕ್ಕಾಗ ಪಕ್ಕಕ್ಕೆ ಕರೆದು, ರೋಗಿಯನ್ನೂ ಕೂರಿಸಿಕೊಂಡು ಕೇಳಿ: ಕಾಯಿಲೆ ಏನು, ಇನ್ನೆಷ್ಟು ದಿನ ಇರಬೇಕು, ಆ ದಿನಗಳಲ್ಲಿ ಏನು ಮಾಡುತ್ತೀರಿ, ಈಗಲೇ ಹೋದರೆ ಆಗಬಹುದಾದ ಅತಿ ಕೆಟ್ಟದ್ದು ಏನು, ಅದು ಎಷ್ಟು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಕಾಣಿಸಿಕೊಂಡ ಮೇಲೆ ಆಸ್ಪತ್ರೆ ತಲುಪಲು ನಮಗೆಷ್ಟು ಹೊತ್ತಿರುತ್ತದೆ. ಈ ಕೊನೆಯ ಉತ್ತರವೇ ಮುಖ್ಯ. ‘ಅರ್ಧ ಗಂಟೆ’ ಎಂದರೆ ಮತ್ತು ನಿಮ್ಮ ಮನೆ ಎರಡು ಗಂಟೆ ದೂರದಲ್ಲಿದ್ದರೆ ಮುಂದೆ ಯೋಚಿಸಬೇಕಾದದ್ದೇನೂ ಉಳಿಯುವುದಿಲ್ಲ. ಹೋಗಲೇಬೇಕೆಂದರೆ ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಎರಡು ರಾತ್ರಿ ಕಳೆಯಿರಿ. ಮನೆಗೆ ಹೋದಂತೆಯೂ ಅಲ್ಲ, ಆಸ್ಪತ್ರೆಯಲ್ಲಿದ್ದಂತೆಯೂ ಅಲ್ಲ, ಆದರೆ ಕೊಡಗಿನಲ್ಲಿ ಇದು ಬಹಳ ಸಲ ಜಾಣತನದ ನಡುದಾರಿ.

‘ಈಗ ಚೆನ್ನಾಗಿದ್ದಾರೆ’ ಎಂಬುದು ಮೋಸ ಮಾಡುವ ಕಾಯಿಲೆಗಳು

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಒಂದು ದಿನ ಮೊದಲು ಹೋದರೆ ಆಕಾಶ ಬೀಳುವುದಿಲ್ಲ. ಕೆಲವು ಕಾಯಿಲೆಗಳು ಮಾತ್ರ ನಡುವೆ ಒಮ್ಮೆ ವಾಸಿಯಾದಂತೆ ತೋರಿಸಿ ಮತ್ತೆ ಎಗರುತ್ತವೆ.

ಹಾವು ಕಡಿತ. ಕಡಿಸಿಕೊಂಡವರನ್ನು ಏನೂ ಕಾಣದಿದ್ದರೂ 24 ಗಂಟೆ ಇಟ್ಟುಕೊಳ್ಳುತ್ತಾರೆ. ಕಟ್ಟುಹಾವು ರಾತ್ರಿ ನಿದ್ದೆಯಲ್ಲಿ ಕಡಿದರೆ ನೋವೂ ಇಲ್ಲ, ಊತವೂ ಇಲ್ಲ. ಗಂಟೆಗಳು ಕಳೆದ ಮೇಲೆ ರೆಪ್ಪೆ ಜೋತು ಬೀಳುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಉಸಿರು. ಮಂಡಲದ ಜಾತಿಯಾದರೆ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಇಟ್ಟು ನೋಡುವ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು, ಮೊದಲ ಸಲ ಸರಿಯಿದ್ದರೆ ಸಾಲದು. ತೋಟದಲ್ಲಿ ಇನ್ನೊಂದು ವಿಶೇಷವಿದೆ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಮಲಗಿರುವ, ಮೂತಿ ಮೇಲಕ್ಕೆ ಚೂಪಾದ ಸಣ್ಣ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಆ ಹಾವು ಕಚ್ಚಿದವರ ಮೂತ್ರಪಿಂಡ ಕೆಡುವುದುಂಟು. ಹೊರಟ ಮೇಲೆ ಮೂತ್ರ ಕಡಿಮೆಯಾದರೆ, ಕೆಂಪಾದರೆ, ಒಸಡಿನಲ್ಲಿ ರಕ್ತ ಬಂದರೆ ಅದೇ ಗಳಿಗೆಯಲ್ಲಿ ವಾಪಸ್. ವಿಷನಿರೋಧಕ ಪಡೆದವರಿಗೆ ಐದರಿಂದ ಹದಿನಾಲ್ಕು ದಿನದೊಳಗೆ ಜ್ವರ, ಗಂಟುನೋವು, ಮೈಮೇಲೆ ದದ್ದು ಬಂದರೆ ಅದು ಔಷಧಿಯದ್ದೇ ಪ್ರತಿಕ್ರಿಯೆ. ಅದಕ್ಕೂ ಚಿಕಿತ್ಸೆಯಿದೆ.

ಕೀಟನಾಶಕ. ಕಾಫಿಯ ಕಾಂಡಕೊರಕ ಹುಳಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥದ್ದು ಹೊಟ್ಟೆಗೆ ಹೋದರೆ ಮೊದಲ ದಿನ ಜೊಲ್ಲು, ವಾಂತಿ, ಬೆವರು. ಅಟ್ರೊಪಿನ್ ಕೊಟ್ಟಾಗ ಇವೆಲ್ಲ ನಿಲ್ಲುತ್ತವೆ, ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ, ಮನೆಯವರು ಚೀಲ ಕಟ್ಟುತ್ತಾರೆ. ಆದರೆ 24ರಿಂದ 96 ಗಂಟೆಯ ನಡುವೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲುವ ಎರಡನೇ ಹಂತವೊಂದಿದೆ. ಅದರ ಮೊದಲ ಗುರುತು ಬಹಳ ಸರಳ: ಮಲಗಿದವರಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಆಗ ವೆಂಟಿಲೇಟರ್ ಬೇಕಾಗಬಹುದು, ಅದು ಲೈನ್ ಮನೆಯಲ್ಲಿಲ್ಲ. ಆದ್ದರಿಂದ ನಾಲ್ಕು ದಿನ ತುಂಬುವ ಮುಂಚೆ ಈ ರೋಗಿಗಳನ್ನು ಒಯ್ಯಬೇಡಿ. ಕಳೆನಾಶಕ ಪ್ಯಾರಾಕ್ವಾಟ್ ಇನ್ನೂ ಮೋಸದ್ದು. ಬಾಯಿಹುಣ್ಣು, ಗಂಟಲು ಉರಿ ಬಿಟ್ಟರೆ ಒಂದೆರಡು ದಿನ ಏನೂ ಇಲ್ಲದಂತೆ ಇದ್ದು, ಆಮೇಲೆ ಮೂತ್ರಪಿಂಡ, ವಾರ ಕಳೆಯುತ್ತಿದ್ದಂತೆ ಶ್ವಾಸಕೋಶ. ಯಾವ ಔಷಧಿ ಎಂದು ತಿಳಿಯಲು ಖಾಲಿ ಬಾಟಲಿಯನ್ನೇ ತಂದು ತೋರಿಸಿ.

ತಲೆಗೆ ಪೆಟ್ಟು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ನೆರಳು ಮರದ ಕೊಂಬೆ ಕಡಿಯುವಾಗ ಜಾರಿದವರು, ಬೈಕಿನಿಂದ ಬಿದ್ದವರು ಎಲ್ಲರ ಲೆಕ್ಕವೂ ಒಂದೇ. ಎಚ್ಚರ ತಪ್ಪಿ ಎದ್ದವರು ಮಾತಾಡುತ್ತಾ ಚೆನ್ನಾಗಿಯೇ ಇದ್ದು, ತಲೆಬುರುಡೆಯೊಳಗೆ ರಕ್ತ ಸೇರುತ್ತಾ ಗಂಟೆಗಳ ನಂತರ ಕುಸಿಯುವುದುಂಟು. ಸ್ಕ್ಯಾನ್ ಆಗದೆ, 24 ಗಂಟೆ ಕಳೆಯದೆ ಹೊರಡಬೇಡಿ. ಹೊರಟರೂ ಮೊದಲ ರಾತ್ರಿ ಎರಡು ಗಂಟೆಗೊಮ್ಮೆ ಎಬ್ಬಿಸಿ ಹೆಸರು, ಊರು ಕೇಳಿ. ಎರಡನೇ ಸಲ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಿರುವುದು, ಮೂಗು ಕಿವಿಯಿಂದ ತಿಳಿನೀರು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಎದೆನೋವಿನಲ್ಲಿ ಮೊದಲ ಇಸಿಜಿ ಸರಿಯಿತ್ತು ಎಂದು ಹೊರಡುವವರಿದ್ದಾರೆ. ಹೃದಯದ ಟ್ರೊಪೋನಿನ್ ರಕ್ತಪರೀಕ್ಷೆ ನೋವು ಶುರುವಾಗಿ ಕೆಲವು ಗಂಟೆ ಕಳೆದ ಮೇಲೆಯೇ ಏರುವುದು, ಅದಕ್ಕೇ ಎರಡನೇ ಸಲ ಮಾಡುವುದು. ಅದನ್ನು ಮುಗಿಸದೆ ಏಳಬೇಡಿ. ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟಾಗಿದ್ದರೆ ಆಂಜಿಯೋಗ್ರಾಂಗೆ ಸಾಮಾನ್ಯವಾಗಿ 3ರಿಂದ 24 ಗಂಟೆಯೊಳಗೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಮೈಸೂರಿನಲ್ಲಿ ಸರ್ಕಾರಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಇಲ್ಲೂ ಬೇಕಾದ್ದು ರೆಫರಲ್ಲೇ.

ಡೆಂಗಿಯಲ್ಲಿ ಜ್ವರ ಇಳಿಯುವ ದಿನವೇ ಹೆದರಬೇಕಾದ ದಿನ. ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಯಲ್ಲಿ ರಕ್ತನಾಳದಿಂದ ನೀರು ಸೋರಿ ಬಿಪಿ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಿನ ಕೈಕಾಲು, ಆರು ಗಂಟೆ ಮೂತ್ರವಿಲ್ಲದಿರುವುದು ಇದರ ಗುರುತು. ಪ್ಲೇಟ್‌ಲೆಟ್ ಸಂಖ್ಯೆಗಿಂತ ಇವನ್ನು ನೋಡಿ. ಮಳೆಗಾಲದ ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದರೆ ಮನೆಗೆ ಒಯ್ಯುವ ಮಾತೇ ಬೇಡ.

ಬಾಣಂತಿಯನ್ನು ಸಹಜ ಹೆರಿಗೆಯಾದರೆ ಕನಿಷ್ಠ 48 ಗಂಟೆ ಇರಿಸಬೇಕು. ರಕ್ತಸ್ರಾವವೂ ಬಿಪಿ ಏರಿ ಬರುವ ಫಿಟ್ಸೂ ಹೆಚ್ಚಾಗಿ ಈ ಅವಧಿಯಲ್ಲೇ. ಒಂದು ಪ್ಯಾಡ್ ಒಂದು ಗಂಟೆಯೊಳಗೆ ತೊಯ್ದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ ತಡಮಾಡಬೇಡಿ. ಮಗು ಮೊದಲ ದಿನ ಕಪ್ಪು ಮಲ ಮಾಡಿದೆಯೇ, 48 ಗಂಟೆಯೊಳಗೆ ಮೂತ್ರ ಮಾಡಿದೆಯೇ, ಚೆನ್ನಾಗಿ ಚೀಪುತ್ತಿದೆಯೇ ನೋಡಿ. ಹುಟ್ಟಿದ ಮೊದಲ ದಿನವೇ ಹಳದಿಯಾದ ಮಗುವನ್ನೂ 1.8 ಕೆ.ಜಿ.ಗಿಂತ ಕಡಿಮೆ ತೂಕದ ಮಗುವನ್ನೂ ನವಜಾತ ಶಿಶು ಘಟಕದಿಂದ ಬಿಡಿಸಿಕೊಂಡು ಹೋಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಗೂ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೂ ಚಿಕಿತ್ಸೆ ಉಚಿತ. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಹೊರಡಿ.

ದಾರಿಯ ಲೆಕ್ಕ

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯಿಂದ ಜೀಪ್ ಬರುವ ರಸ್ತೆಗೆ ಎಷ್ಟು ನಡೆಯಬೇಕು, ನಡೆಯಲಾಗದವರನ್ನು ಹೊರಲು ನಾಲ್ಕು ಜನ ರಾತ್ರಿ ಸಿಗುತ್ತಾರೆಯೇ. ಫೋನ್ ಸಿಗ್ನಲ್ ಎಲ್ಲಿ ಬರುತ್ತದೆ. ಮನೆಯೊಳಗೇ, ಗೇಟಿನ ಹತ್ತಿರವೇ, ಗುಡ್ಡ ಹತ್ತಬೇಕೇ. ಅಲ್ಲಿಂದ 24 ಗಂಟೆಯೂ ವೈದ್ಯರಿರುವ ಆಸ್ಪತ್ರೆಗೆ ಎಷ್ಟು ಹೊತ್ತು. ಸಿದ್ದಾಪುರ, ತಿತಿಮತಿ ಕಡೆಯ ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಇರುತ್ತದೆ, ಅದನ್ನೂ ಕೂಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ ಮೊತ್ತವನ್ನು ಎರಡರಿಂದ ಗುಣಿಸಿ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ದಾರಿಯೇ ಮುಚ್ಚಿದ್ದನ್ನು ಕಂಡವರಿಗೆ ಈ ಗುಣಾಕಾರ ಅತಿಯೆನಿಸದು. ಈ ಮೊತ್ತ ವೈದ್ಯರು ಹೇಳಿದ ‘ಎಷ್ಟು ಹೊತ್ತಿರುತ್ತದೆ’ಗಿಂತ ಹೆಚ್ಚಾದರೆ ಉಳಿಯಿರಿ.

ಸಹಿ ಯಾರದ್ದು, ಏನೆಂದು

ಸಹಿ ಹಾಕಬೇಕಾದವರು ರೋಗಿ. ನಮ್ಮಲ್ಲಿ ಗಂಡನೋ ಅಣ್ಣನೋ ಹಾಕಿಬಿಡುವುದು ರೂಢಿ. ಆದರೆ ಎಚ್ಚರವಿದ್ದು, ಹೇಳಿದ್ದು ಅರ್ಥವಾಗಿ, ತೂಗಿ ನೋಡಿ ಉತ್ತರ ಕೊಡಬಲ್ಲ ವಯಸ್ಕರ ಪರವಾಗಿ ಮನೆಯವರು ‘ಕರೆದುಕೊಂಡು ಹೋಗ್ತೇವೆ’ ಎನ್ನುವಂತಿಲ್ಲ. ಬಾಣಂತಿ ಉಳಿಯುತ್ತೇನೆಂದರೆ ಅವಳ ಮಾತೇ ಕೊನೆ, ಅತ್ತೆಯದ್ದಲ್ಲ. ಆದರೆ ರಕ್ತದ ಸಕ್ಕರೆ ಇಳಿದು, ಆಮ್ಲಜನಕ ಕಡಿಮೆಯಾಗಿ, ಅಮಲಿನಲ್ಲಿ ಬಡಬಡಿಸುವ ರೋಗಿಯ ಸಹಿಗೆ ಬೆಲೆಯಿಲ್ಲ, ಅವರನ್ನು ವೈದ್ಯರು ತಡೆದು ಚಿಕಿತ್ಸೆ ಕೊಡಬಹುದು.

ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎನ್ನಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವವರಿಗೆ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅಸ್ಸಾಮಿನಿಂದ ಬಂದ ತೋಟದ ಕೆಲಸಗಾರರ ವಿಷಯದಲ್ಲಿ ಮೇಸ್ತ್ರಿ ‘ನಾನು ಹೇಳ್ತೇನೆ’ ಎಂದು ಮುಂದೆ ಬರುತ್ತಾರೆ. ಕೊಯ್ಲಿನ ದಿನಗಳಲ್ಲಿ ಮೇಸ್ತ್ರಿಗೂ ಆಳು ಬೇಕಿರುತ್ತದೆ ಎಂಬುದನ್ನು ಮರೆಯಬೇಡಿ, ಬೇರೆಯವರು ಅನುವಾದಿಸಲಿ. ಖಾಲಿ ಫಾರಂಗೆ ಸಹಿ ಬೇಡ. ಕಾಯಿಲೆ, ಹೇಳಿದ ಅಪಾಯ, ದಿನಾಂಕ, ಗಂಟೆ ತುಂಬಿರಬೇಕು. ಹೆಬ್ಬೆಟ್ಟಾದರೆ ಸಾಕ್ಷಿಯ ಸಹಿ ಬೇಕು. ಹೊರಡುವ ಕಾರಣವನ್ನು ನಿಮ್ಮ ಕೈಯಲ್ಲೇ ಒಂದು ಸಾಲು ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಈ ಸಹಿಯಿಂದ ‘ಇನ್ನು ಆಸ್ಪತ್ರೆಗೆ ಯಾವ ಹೊಣೆಯೂ ಇಲ್ಲ’ ಎಂದಾಗುವುದಿಲ್ಲ. ಅಪಾಯ ತಿಳಿದೂ ಹೊರಟಿರಿ ಎಂಬುದಕ್ಕೆ ಅದು ದಾಖಲೆ, ಅಷ್ಟೆ. ಅದಕ್ಕೂ ಮುಂಚೆ ಚಿಕಿತ್ಸೆಯಲ್ಲಿ ತಪ್ಪಾಗಿದ್ದರೆ ಪ್ರಶ್ನಿಸುವ ಹಕ್ಕು ಉಳಿದೇ ಇರುತ್ತದೆ. ಲಾಮಾ ಹೋದವರಿಗೆ ಡಿಸ್ಚಾರ್ಜ್ ಸಮ್ಮರಿ ಕೊಡುವುದಿಲ್ಲ ಎನ್ನುವುದೂ ಸರಿಯಲ್ಲ. ದಾಖಲೆ ಕೇಳಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳಲ್ಲಿ 2002ರಿಂದಲೂ ಇದೆ. ಖಾಸಗಿ ಆಸ್ಪತ್ರೆ ಸತಾಯಿಸಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ಸರ್ಕಾರಿಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ.

ಸಹಿಯಿಂದಲೇ ಮುಗಿಯದ ಕೆಲವು ಸಂದರ್ಭಗಳಿವೆ. 18 ವರ್ಷದೊಳಗಿನವರಿಗೆ ಹೆತ್ತವರು ಸಹಿ ಹಾಕುತ್ತಾರೆ, ಆದರೆ ಮಗುವಿನ ಜೀವಕ್ಕೇ ಅಪಾಯವಿದ್ದರೆ ಆಸ್ಪತ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬಹುದು. ಕಾನೂನು ತನಿಖೆ ಬರುವ, ಅಂದರೆ ವಿಷ, ಹೊಡೆದಾಟ, ಅಪಘಾತದಂಥ ಎಂಎಲ್‌ಸಿ ಪ್ರಕರಣಗಳಲ್ಲಿ ಪೊಲೀಸರಿಗೆ ತಿಳಿಸಿಯೇ ಬಿಡುತ್ತಾರೆ. ಮನೋರೋಗದ ವಾರ್ಡಿಗೆ ತಾನಾಗಿ ಸೇರಿದವರು ಕೇಳಿದರೆ ಬಿಡಬೇಕು. ತನಗೋ ಇತರರಿಗೋ ಅಪಾಯವೆಂದು ಕಂಡರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಪರಿಶೀಲನೆಗಾಗಿ 24 ಗಂಟೆ ತಡೆಯಬಹುದು. ತೋಟದಲ್ಲಿ ಕೆಲಸದ ವೇಳೆ ಗಾಯವಾದವರು ಇನ್ನೊಂದನ್ನು ಗಮನಿಸಬೇಕು. ವೈದ್ಯರ ಸೂಚನೆ ಮೀರಿದ್ದರಿಂದಲೇ ಗಾಯ ಉಲ್ಬಣಿಸಿತು ಎಂದಾದರೆ ಮಾಲೀಕರಿಂದ ಬರಬೇಕಾದ ಪರಿಹಾರ ಕಡಿಮೆಯಾಗಬಹುದು. ಆನೆ ದಾಳಿಯ ಪರಿಹಾರಕ್ಕೂ ವೈದ್ಯಕೀಯ ಕಾಗದಗಳೇ ಆಧಾರ.

ಬೆಡ್ಡಿನಿಂದ ಏಳುವ ಮುಂಚೆ

ಕ್ಯಾನುಲಾ ತೆಗೆಸಿ, ಹತ್ತಿ ಒತ್ತಿ ಎರಡು ಮೂರು ನಿಮಿಷ ಹಿಡಿಯಿರಿ. ರಕ್ತ ತೆಳುಮಾಡುವ ಔಷಧಿಯಲ್ಲಿರುವವರು ಹತ್ತು ನಿಮಿಷ. ‘ನಾಳೆ ಊರಿನ ಡಾಕ್ಟರ ಹತ್ತಿರ ಗ್ಲೂಕೋಸ್ ಹಾಕಿಸಲು ಇರಲಿ’ ಎಂದು ಅದನ್ನು ಉಳಿಸಿಕೊಂಡು ಹೋದರೆ ನರ ಕೀವಾಗುತ್ತದೆ. ಮೂತ್ರದ ಪೈಪನ್ನು ಸಿಸ್ಟರೇ ತೆಗೆಯಬೇಕು. ಒಳಗೆ ನೀರು ತುಂಬಿದ ಬಲೂನು ಇರುತ್ತದೆ, ಮನೆಯಲ್ಲಿ ಎಳೆದರೆ ಮೂತ್ರನಾಳ ಹರಿಯುತ್ತದೆ. ತೆಗೆದ ಮೇಲೆ ಒಮ್ಮೆ ಮೂತ್ರ ಹೋಗುವ ತನಕ ಅಲ್ಲೇ ಇರಿ.

ಆಕ್ಸಿಜನ್‌ನಲ್ಲಿದ್ದವರಿಗೆ ಅದನ್ನು ತೆಗೆದು ಅರ್ಧ ಗಂಟೆ ಬಿಟ್ಟು ಬೆರಳಿನ ಮೀಟರ್ ನೋಡಲು ಹೇಳಿ, ಆಮೇಲೆ ವಾರ್ಡಿನಲ್ಲೇ ನಡೆಸಿ ಇನ್ನೊಮ್ಮೆ. 94ಕ್ಕಿಂತ ಇಳಿದರೆ ಆ ಅಂಕಿಯನ್ನು ವೈದ್ಯರಿಗೆ ತೋರಿಸದೆ ಹೊರಡಬೇಡಿ. ಮನೆಗೆ ಹತ್ತಬೇಕಾದ ಏರನ್ನು ನೆನಪಿಸಿಕೊಂಡೇ ಈ ನಡಿಗೆ.

ಕೊನೆಯ ಡೋಸ್ ಯಾವ ಔಷಧಿ, ಎಷ್ಟು ಗಂಟೆಗೆ ಎಂದು ಬರೆಸಿಕೊಳ್ಳಿ. ಮುಂದಿನ ವೈದ್ಯರಿಗೆ ಇದಕ್ಕಿಂತ ಉಪಯೋಗದ ಕಾಗದವಿಲ್ಲ. ಮಾತ್ರೆಗಳನ್ನು ಕನಿಷ್ಠ ಐದು ದಿನಕ್ಕಾಗುವಷ್ಟು ಪೇಟೆಯಲ್ಲೇ ಕೊಳ್ಳಿ, ಹಳ್ಳಿಯ ಅಂಗಡಿ ನಂಬಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಿನ ಮಾತ್ರೆಯನ್ನೂ, ಸ್ಟೀರಾಯ್ಡ್‌ನಲ್ಲಿರುವವರು ಅದನ್ನೂ ಒಂದು ದಿನವೂ ತಾವಾಗಿ ನಿಲ್ಲಿಸಬಾರದು. ನಾಟಿ ಮದ್ದಿಗೆ ಹೋಗುವ ಯೋಚನೆಯಿದ್ದರೆ ವೈದ್ಯರಿಗೆ ಅದನ್ನೂ ಹೇಳಿಬಿಡಿ. ಬೈಯಬಹುದು, ಆದರೆ ಯಾವ ಮಾತ್ರೆಯೊಂದಿಗೆ ಬೇಡ ಎಂದೂ ಹೇಳುತ್ತಾರೆ. ಎಕ್ಸ್‌ರೇ, ಸ್ಕ್ಯಾನ್, ಇಸಿಜಿ, ರಕ್ತ ಪರೀಕ್ಷೆ ಎಲ್ಲ ಕೈಯಲ್ಲಿರಲಿ.

ಆಂಬುಲೆನ್ಸಿನಲ್ಲಿ ಘಾಟಿ ಇಳಿಯುವಾಗ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮೂರು ಗಂಟೆ ಹಿಡಿಯಿರಿ. ಮಂಗಳೂರು ಸುಮಾರು 140, ಸಂಪಾಜೆ ಘಾಟಿಯಲ್ಲಿ ಲಾರಿ ನಿಂತರೆ ನಾಲ್ಕು ಗಂಟೆ ದಾಟುತ್ತದೆ. ಖಾಸಗಿ ಆಂಬುಲೆನ್ಸ್ ಹಿಡಿದರೆ ಆಕ್ಸಿಜನ್ ಲೆಕ್ಕ ಹಾಕಿಯೇ ಹತ್ತಿಸಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಹೋಗುತ್ತಿದ್ದರೆ ಐದು ಗಂಟೆ. 10 ಲೀಟರ್ ಹೋಗುತ್ತಿದ್ದರೆ ಎರಡೂವರೆ ಗಂಟೆ, ಅಂದರೆ ಮೈಸೂರು ತಲುಪುವ ಮುಂಚೆಯೇ ಮುಗಿಯುತ್ತದೆ. ಪ್ರಯಾಣದ ಹೊತ್ತಿನ ಒಂದೂವರೆ ಪಟ್ಟು ಇರಬೇಕು, ಮೀಟರಿನ ಮುಳ್ಳನ್ನು ನೀವೇ ನೋಡಿ. ಜೊತೆಗೆ ಬರುವವರು ಚಾಲಕನ ಗೆಳೆಯನೋ ತರಬೇತಾದ ಸಿಬ್ಬಂದಿಯೋ ಕೇಳಿ. ತಲುಪುವ ಆಸ್ಪತ್ರೆಯಲ್ಲಿ ಬೆಡ್ ಇದೆಯೇ ಎಂದು ಹೊರಡುವ ಮುಂಚೆ ಫೋನಿನಲ್ಲಿ ಖಚಿತಪಡಿಸಿಕೊಳ್ಳಿ. ಕುಶಾಲನಗರ ದಾಟಿದ ಮೇಲೆ ಕೇಳಿದರೆ ತಡವಾಯಿತು.

ಕೊನೆಯ ದಿನಗಳಿಗೆ ಮನೆಗೆ ಒಯ್ಯುವುದಾದರೆ

ಇನ್ನು ಗುಣವಾಗುವುದಿಲ್ಲ, ಪ್ರಾಣ ಹೋಗುವುದಾದರೆ ಮೂಲಮನೆಯಾದ ಐನ್‌ಮನೆಯಲ್ಲೇ ಹೋಗಲಿ ಎಂದು ಹಿರಿಯರನ್ನು ಕರೆದೊಯ್ಯುವುದು ಬೇರೆಯೇ ಮಾತು. ಇದಕ್ಕೂ ಲಾಮಾ ಫಾರಂ ಮುಂದಿಡುವುದು ರೂಢಿಯಾಗಿಬಿಟ್ಟಿದೆ. ಹಾಗೆ ಹೋದರೆ ನೋವಿನ ಔಷಧಿಯಿಲ್ಲದೆ, ದಾರಿಯಲ್ಲೇ ಉಸಿರುಗಟ್ಟಿ ಹೋಗುವುದುಂಟು. ಉಪಶಾಮಕ ಆರೈಕೆಯೊಂದಿಗೆ (ನೋವು, ಸಂಕಟ ತಗ್ಗಿಸುವ ಆರೈಕೆ) ಡಿಸ್ಚಾರ್ಜ್ ಮಾಡಿ ಎಂದು ಕೇಳಿ. ನೋವು, ಏದುಸಿರು, ಕಫದ ಗೊರಗೊರಕ್ಕೆ ಏನು ಕೊಡಬೇಕು, ಎಷ್ಟು ಸಲ ಎಂದು ಬರೆಸಿಕೊಳ್ಳಿ. ವೆಂಟಿಲೇಟರ್ ತೆಗೆಯುವ ಪ್ರಶ್ನೆಯಿದ್ದರೆ 2018ರ ಸುಪ್ರೀಂ ಕೋರ್ಟ್ ತೀರ್ಪು, 2023ರಲ್ಲಿ ಅದಕ್ಕೆ ಮಾಡಿದ ಸರಳೀಕರಣದ ಪ್ರಕಾರ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ನೋಡಿ ತೀರ್ಮಾನಿಸುವ ದಾರಿಯಿದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದಕ್ಕೆ ಸುತ್ತೋಲೆಯನ್ನೂ ಹೊರಡಿಸಿದೆ. ಮನೆಯಲ್ಲಿ ಸಾವಾದರೆ ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆದು 21 ದಿನದೊಳಗೆ ನೋಂದಾಯಿಸಬೇಕು. ಅದಕ್ಕಾಗಿ ಊರಿನ ಹತ್ತಿರದ ವೈದ್ಯರೊಬ್ಬರಿಗೆ ಮೊದಲೇ ಕಾಗದ ತೋರಿಸಿಡಿ. ಎಂಎಲ್‌ಸಿ ಪ್ರಕರಣವಾದರೆ ಶವಪರೀಕ್ಷೆ ಬೇಕಾಗುತ್ತದೆ, ಆಗ ಮನೆಗೆ ಒಯ್ಯುವುದರಿಂದ ತೊಂದರೆಯೇ ಹೆಚ್ಚು.

ಮನೆಗೆ ಬಂದ ಮೇಲೆ

ಆಶಾ ಕಾರ್ಯಕರ್ತೆಗೆ ಅದೇ ದಿನ ಹೇಳಿ. ಫೋನ್ ಚಾರ್ಜ್ ತುಂಬಿಸಿಡಿ, ಜೀಪಿನವರ ನಂಬರನ್ನು ಗೋಡೆಯ ಮೇಲೆ ಬರೆಯಿರಿ, ರಾತ್ರಿ ಬರಲು ಒಪ್ಪುವ ಒಬ್ಬರಿಗೆ ಮುಂಚೆಯೇ ಹೇಳಿಡಿ. ಮೊದಲ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ, ಮೂತ್ರ, ಊಟ, ಉಸಿರಿನ ಎಣಿಕೆಯನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮಲಗಿದಾಗ ವಯಸ್ಕರ ಉಸಿರು ನಿಮಿಷಕ್ಕೆ 24 ದಾಟಿದರೆ ಹೊರಡುವ ಸಿದ್ಧತೆ ಮಾಡಿ. ಸಂಶಯವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಬಹುದು.

‘ಸಹಿ ಹಾಕಿ ಬಂದಿದ್ದೇವೆ, ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು’ ಎಂಬ ಸಂಕೋಚದಲ್ಲಿ ಕಳೆದ ರಾತ್ರಿಯೇ ಹೆಚ್ಚು ಜೀವ ತೆಗೆಯುವುದು. ಲಾಮಾ ಹೋದವರನ್ನು ಮತ್ತೆ ಸೇರಿಸಿಕೊಳ್ಳಬಾರದು ಎಂಬ ನಿಯಮ ಎಲ್ಲೂ ಇಲ್ಲ, ತುರ್ತಿನಲ್ಲಿ ಬಂದವರನ್ನು ಮುಂಗಡ ಕೇಳಿ ಹಿಂದೆ ಕಳಿಸುವಂತೆಯೂ ಇಲ್ಲ. ನೇರ ಕ್ಯಾಶುವಾಲಿಟಿಗೆ ಹೋಗಿ, ಫೈಲು ಮುಂದಿಟ್ಟು ಮೂರೇ ಮಾತು ಹೇಳಿ: ‘ಮೊನ್ನೆ ಇಂಥ ಕಾಯಿಲೆಗೆ ಇಲ್ಲಿದ್ದೆವು, ಇಷ್ಟು ಗಂಟೆಗೆ ಹೋದೆವು, ಈಗ ಇಷ್ಟು ಹೊತ್ತಿನಿಂದ ಹೀಗಾಗಿದೆ.’